ಅವ್ವನ ಪರವಾಗಿ ಹೇಳುವವರು

ನಮ್ಮೂರಿನಲ್ಲಿ ತಲೆನೋವು ಬಂದವರು ತಲೆನೋವೊಂದನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ ಮಾತಾಡುತ್ತಾರೆ. ನಮ್ಮವ್ವನಿಗೆ ಅರೆತಲೆ ಹಿಡಿದರೆ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳ ಸುದ್ದಿ ತೆಗೆಯುತ್ತಾಳೆ. "ಆ ಪಾತ್ರಿಯಾಕಿ ಈ ಸಲ ಬರಲೇ ಇಲ್ಲ ನೋಡು. ನಿಮ್ಮಪ್ಪನ ಹಳೇ ಪ್ಯಾಂಟು ಗಂಟು ಕಟ್ಟಿ ಇಟ್ಟೀನಿ" ಎನ್ನುತ್ತ ಹಣೆಯ ಎಡಭಾಗವನ್ನು ಬಾಗಿಲ ಚೌಕಟ್ಟಿಗೆ ಒತ್ತಿಕೊಂಡು ನಿಲ್ಲುತ್ತಾಳೆ. ಅಪ್ಪನದು ಪೇಟೆಯ ಗಡಿಯಾರ. ಹಲ್ಲು ನೋಯಲಿ, ಸೊಂಟ ಹಿಡಿಯಲಿ, ಅವನ ಬಾಯಿಂದ ಬರುವುದು ಒಂದೇ ಮಾತು, ಗಡಿಯಾರ ಹಿಂದೆ ಬಿದ್ದಿದೆ, ಪುರಸಭೆಯವರಿಗೆ ಕಣ್ಣಿಲ್ಲ ಎಂದು. ನನ್ನದು ನಳದ ನೀರು. ಚಿಕ್ಕವಳಿದ್ದಾಗ ಜಾರಿ ಬಿದ್ದು ಮೊಣಕೈ ಮುರಿದುಕೊಂಡು ಬಂದವಳು ಅಳುತ್ತ ಅಳುತ್ತ "ನಳಾ ಬಂತೇನು, ನಳಾ ಬಂತೇನು" ಎಂದೇ ಕೇಳುತ್ತಿದ್ದೆನಂತೆ. ಅಜ್ಜಿ ಕೊಡ ಎತ್ತಿಕೊಳ್ಳದೆ ನನ್ನನ್ನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ಯಾರ ನೋವೂ ಅವರವರ ಬಾಯಿಗೆ ಬರುವುದಿಲ್ಲ. ಹೀಗಾಗಿ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಹೇಳುವವರು ಇರುತ್ತಾರೆ. ಗಂಡನಿಗೆ ಹೆಂಡತಿ, ಅಕ್ಕನಿಗೆ ತಂಗಿ, ಒಂಟಿ ಮುದುಕನಿಗೆ ಎದುರುಮನೆಯವರು. ಹೇಳುವುದಕ್ಕೂ ಒಂದು ಕ್ರಮವಿದೆ. ನೋವಿದ್ದವರು ಕುರ್ಚಿಯಲ್ಲಿ ಕೂರುತ್ತಾರೆ. ಹೇಳುವವರು ಹಿಂದೆ ನಿಂತು ಅವರ ಹೆಗಲ ಮೇಲೆ ಕೈಯಿಟ್ಟು "ಇವರ ಪರವಾಗಿ ಹೇಳ್ತೀನ್ರಿ" ಎಂದು ಶುರು ಮಾಡುತ್ತಾರೆ. ಸರಿಯಾಗಿ ಹೇಳಿದರೆ ಕೂತವರು ಉದ್ದಕ್ಕೆ ಒಂದು ಉಸಿರು ಬಿಡುತ್ತಾರೆ, ಕೈಯ ಕೆಳಗೆ ಹೆಗಲು ಇಳಿದದ್ದು ಗೊತ್ತಾಗುತ್ತದೆ. ತಪ್ಪು ಹೇಳಿದರೆ ಹೆಗಲು ಬಿಗಿದುಕೊಂಡು ಹಾಗೇ ಇರುತ್ತದೆ. ಇನ್ನು ಹಕ್ಕಿಲ್ಲದವರು ಹೋಗಿ ಪರರ ನೋವು ಹೇಳುವುದಿದೆಯಲ್ಲ, ಅದು ಬಹಳ ಅಸಹ್ಯ. ಪಕ್ಕದ ಮನೆಗೆ ನುಗ್ಗಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದ ಹಾಗೆ.

ಅವ್ವನಿಗೆ ಮೊದಲು ಹೇಳುವವನಾಗಿದ್ದವನು ಅಪ್ಪ. ಪೇಟೆಯಲ್ಲಿ ಅವನ ಸೈಕಲ್ ಅಂಗಡಿ. ಚಕ್ರದಲ್ಲಿ ಒಂದು ಕಡ್ಡಿ ಸಡಿಲವಾದರೆ ರಸ್ತೆಯ ಆ ಕಡೆಯಿಂದಲೇ ಗುರುತಿಸುವ ಮನುಷ್ಯನಿಗೆ ಮನೆಯೊಳಗೆ ಮಾತ್ರ ಏನೂ ಕಾಣುವುದಿಲ್ಲ. ಒಮ್ಮೆ ಅವ್ವ ಮಲೇರಿಯಾದಲ್ಲಿ ಗಡಗಡ ನಡುಗುತ್ತಿದ್ದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಿ, "ಇವಳ ಪರವಾಗಿ ಹೇಳ್ತೀನ್ರಿ, ಸ್ವಲ್ಪ ಥಂಡಿ ಆಗೈತಿ, ಒಂದು ಶಾಲು ಕೊಡಸಬೇಕಂತ ಮಾಡೀನಿ" ಎಂದು ಹೇಳಿ ಬಂದಿದ್ದ. ಅಜ್ಜಿ ತಲೆ ತಲೆ ಚಚ್ಚಿಕೊಂಡು ಆವತ್ತೇ ಆ ಕೆಲಸವನ್ನು ಅವನಿಂದ ಕಿತ್ತು ನನಗೆ ಕೊಟ್ಟಳು. ನಾನಿನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಅಂದಿನಿಂದ ಅವ್ವನ ನೋವೆಲ್ಲ ನನ್ನ ಬಾಯಲ್ಲೇ. ನನ್ನ ಪರವಾಗಿ ಹೇಳುತ್ತಿದ್ದವಳು ಅಜ್ಜಿ. ಅವಳು ಹೋದ ಮೇಲೆ ನನಗೆ ಯಾರನ್ನೂ ಗೊತ್ತು ಮಾಡಲಿಲ್ಲ. ಗಟ್ಟಿಮುಟ್ಟಾದ ಹುಡುಗಿ, ಮದುವೆಯಾದರೆ ಗಂಡ ಹೇಳುತ್ತಾನೆ ಎಂದು ಬಿಟ್ಟರು.

ಆಸ್ಪತ್ರೆಗೆ ಡಾಕ್ಟರ್ ವತ್ಸಲಾ ಹೆಬ್ಬಾರ ಬಂದದ್ದು ನಾನು ಪಿಯುಸಿಯಲ್ಲಿದ್ದಾಗ. ಸಮುದ್ರದ ಕಡೆಯವರು, ಗಟ್ಟಿ ಗಂಟಲು. ಮೊದಲ ದಿನ ಕಾಲು ಮುರಿದವನೊಬ್ಬ ಒಂಟಿಯಾಗಿ ಬಂದು ತನ್ನ ಎಮ್ಮೆ ಕರು ಹಾಕಿದ ಕಥೆ ಹೇಳಿದನಂತೆ. ಎಲ್ಲಿ ನೋವು, ಕೈ ಮಾಡಿ ತೋರಿಸು ಎಂದರೆ ಕಿಟಕಿ ತೋರಿಸಿದ. ಬರೆದು ಕೊಡು ಎಂದು ಕಾಗದ ಕೊಟ್ಟರೆ ಕಾಗದದ ತುಂಬ ಎಮ್ಮೆಯನ್ನೇ ಬರೆದ. "ಎಂಥ ಊರು ಮಾರಾಯ್ರೆ ಇದು!" ಎಂದು ಅವರು ಹೊರಗೆ ಬಂದು ಕೂಗಿದ್ದು ಪೇಟೆಗೆಲ್ಲ ಕೇಳಿಸಿತು. ಅವರೋ, ತರಕಾರಿ ಅಂಗಡಿಯಲ್ಲಿ ನಿಂತು "ನನಗೆ ಇವತ್ತು ಬೆನ್ನು ನೋವು ಉಂಟು" ಎಂದು ಎಲ್ಲರೆದುರು ಹೇಳಿಬಿಡುತ್ತಿದ್ದರು. ಗಂಡಸರು ಮುಖ ತಿರುಗಿಸಿಕೊಂಡು ಬದನೆಕಾಯಿ ಆರಿಸುತ್ತಿದ್ದರು. ಹೆಂಗಸರು ನಾಚಿಕೊಂಡು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಆದರೆ ಕೈಗುಣ ಒಳ್ಳೆಯದಿತ್ತು, ಊರು ಅವರನ್ನು ಸಹಿಸಿಕೊಂಡಿತು. ಆಮೇಲೆ ಪ್ರೀತಿಸಿತು.

ನಾನು ಬಿಎಸ್ಸಿ ಕೊನೆಯ ವರ್ಷಕ್ಕೆ ಬಂದೆ. ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ನನಗೆಂದು ಅಪ್ಪ ಮಾತಾಡಿ ಇಟ್ಟಿದ್ದ. ಮನೆಯಿಂದ ಹತ್ತು ಹೆಜ್ಜೆಗೆ ಶಾಲೆ, ಮಧ್ಯಾಹ್ನ ಊಟಕ್ಕೆ ಮನೆಗೇ ಬರಬಹುದು, ಅವ್ವನನ್ನು ನೋಡಿಕೊಂಡಿರಬಹುದು. ನನಗೂ ಅದರಲ್ಲಿ ತಕರಾರು ಇರಲಿಲ್ಲ. ಇರಲಿಲ್ಲ ಎಂದೇ ನಾನು ತಿಳಿದಿದ್ದೆ.

ಕಾಲೇಜಿನ ಗೇಟಿನ ಎದುರು ಸಿದ್ರಾಮಣ್ಣ, ಕಾಶವ್ವ ಗಂಡಹೆಂಡತಿಯ ಅಂಗಡಿ. ಕಾಶವ್ವನ ಚುರುಮುರಿ ಗಿರ್ಮಿಟ್ಟು, ಸಿದ್ರಾಮಣ್ಣನ ಗೋಲಿ ಸೋಡಾ. ಅವನ ಪರವಾಗಿ ಇವಳು, ಇವಳ ಪರವಾಗಿ ಅವನು ಹೇಳುತ್ತ ಮುದುಕರಾದ ಜೋಡಿ. ಆ ವರ್ಷ ಗಿರಾಕಿಗಳ ಎದುರಿಗೆ ಅವನು ಗಿರ್ಮಿಟ್ಟಿಗೆ ಉಪ್ಪು ಹೆಚ್ಚಾಗಿದೆ ಎಂದುಬಿಟ್ಟ. ಅಷ್ಟೇ ಸಾಕಾಯಿತು. ಕಾಶವ್ವ ಅಂಗಡಿಯ ನಡುವೆ ಒಂದು ಬೆಂಚು ಎಳೆದಳು. ಈ ಕಡೆ ಗಿರ್ಮಿಟ್ಟು, ಆ ಕಡೆ ಸೋಡಾ, ನಡುವೆ ಮಾತಿಲ್ಲ, ಒಬ್ಬರ ಮುಖ ಒಬ್ಬರು ನೋಡುವುದೂ ಇಲ್ಲ. ನೋಡದೆ ಇದ್ದರೆ ಹೇಳುವುದು ಹೇಗೆ? ನಮ್ಮೂರಿನ ಜಗಳಗಳು ಅಪಾಯಕಾರಿಯಾಗುವುದು ಹೀಗೆ.

ನನಗೆ ಕಾಣಿಸುತ್ತಿತ್ತು. ನೋವಾದರೆ ಕಾಶವ್ವ ತನ್ನ ತಮ್ಮನ ಮದುವೆಯಲ್ಲಿ ಉಟ್ಟ ಹಸಿರು ಸೀರೆಯ ಮಾತು ತೆಗೆಯುತ್ತಾಳೆಂದು ಊರಿಗೇ ಗೊತ್ತು. ಆ ವಾರ ಯಾರು ಪೊಟ್ಟಣ ಕೈಗೆ ತೆಗೆದುಕೊಂಡರೂ ಹಸಿರು ಸೀರೆ. ಒಂದು ಮಧ್ಯಾಹ್ನ ಗಾಳಿ ಬೀಸುತ್ತಿದ್ದರೂ ಅವಳ ಕುತ್ತಿಗೆಯಲ್ಲಿ ಬೆವರು ನಿಂತಿತ್ತು. ಎದೆಯ ಕೆಳಗೆ ಮುಷ್ಟಿಯಿಂದ ಉಜ್ಜಿಕೊಳ್ಳುತ್ತ, "ಎಂಥಾ ಜರಿ ಇತ್ತವ್ವಾ ಅದಕ್ಕ, ಕೈಯಾಗ ಹಿಡಿದ್ರ ಬೆಳ್ಳಗ ಹೊಳೀತಿತ್ತು" ಎಂದಳು. ನಾನು ಬೆಂಚಿನ ಆ ಕಡೆಗೆ ಹೋಗಿ, "ಸಿದ್ರಾಮಣ್ಣಾ, ಕಾಶಕ್ಕನ್ನ ಸ್ವಲ್ಪ ನೋಡ್ರಿ" ಎಂದೆ.

"ಅಕಿ ಬಂದು ಮಾತಾಡಸಲಿ, ಆಮ್ಯಾಲ ನೋಡೋಣಂತ" ಎಂದು ಅವನು ಬಾಟಲಿ ತೊಳೆಯುತ್ತಲೇ ಇದ್ದ.

ನಾನು ಕಾಶವ್ವನ ರಟ್ಟೆ ಹಿಡಿದು ಎಬ್ಬಿಸಿದೆ. ದಾರಿಯುದ್ದಕ್ಕೂ ಜನ ನೋಡಿದರು. ಹೇಳುವವಳಲ್ಲದವಳು ಕರೆದುಕೊಂಡು ಹೊರಟಿದ್ದಾಳೆ ಎಂದು ಒಬ್ಬಿಬ್ಬರು ಗೊಣಗಿದ್ದೂ ಕೇಳಿಸಿತು. ಆಸ್ಪತ್ರೆಯ ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು, ಹೆಗಲ ಮೇಲೆ ಕೈಯಿಟ್ಟೆ. "ಕಾಶಕ್ಕನ ಪರವಾಗಿ ಹೇಳ್ತೀನ್ರಿ ಡಾಕ್ಟರಮ್ಮಾರ. ನಾ ಈಕಿ ಹೇಳಾಕಿ ಅಲ್ಲ, ಆದ್ರೂ ಹೇಳ್ತೀನಿ. ಹೊಟ್ಟಿ ಸುಡಾಕತ್ತೈತಿ, ಗ್ಯಾಸ್ ಆಗೈತಿ."

ಹೆಗಲು ಇಳಿಯಲಿಲ್ಲ. ಇಷ್ಟು ವರ್ಷ ಅವ್ವನ ಪರವಾಗಿ ಹೇಳಿ ನಾನು ಒಮ್ಮೆಯೂ ತಪ್ಪಿರಲಿಲ್ಲ. ಇನ್ನೊಂದು ಸಲ ಹೇಳಿದೆ, ಅಜೀರ್ಣ ಎಂದೆ. ಹೆಗಲು ಕಲ್ಲಿನ ಹಾಗೆಯೇ ಇತ್ತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದು ಏನಂತ ನೀ ಹೇಳ್ಬೇಡ. ನೀ ನೋಡಿದ್ದು ಏನುಂಟು, ಅದಷ್ಟೇ ಹೇಳು."

ಬೆವರು ಹೇಳಿದೆ. ಮುಷ್ಟಿ ಹೇಳಿದೆ. ಯಾವಾಗಲೂ ಎಡಗೈಯಲ್ಲಿ ಎತ್ತುತ್ತಿದ್ದ ಉಳ್ಳಾಗಡ್ಡಿ ಬುಟ್ಟಿಯನ್ನು ಈಗ ಬಲಗೈಯಲ್ಲಿ ಎತ್ತುತ್ತಿರುವುದು, ಎಡಗೈಯನ್ನು ಮಡಿಲಲ್ಲಿ ಎತ್ತಿಟ್ಟುಕೊಂಡು ಕೂರುವುದು... ನಾನು ಇನ್ನೂ ಹೇಳುತ್ತಿರುವಾಗಲೇ ಅವರು ಎದ್ದರು. ಕಾಶವ್ವನನ್ನು ಮಲಗಿಸಿ ಇಸಿಜಿ ತೆಗೆದರು, ಒಂದು ಮಾತ್ರೆ ಅಗಿಯಲು ಕೊಟ್ಟರು. ಆಮೇಲೆ ಅವಳ ಹೆಗಲ ಮೇಲೆ ಕೈಯಿಟ್ಟು, ನಮ್ಮೂರಿನವರ ಹಾಗೆಯೇ, "ಇವರ ಪರವಾಗಿ ನಾನು ಹೇಳ್ತೇನೆ. ಎದೆ ನೋವು ಇವರಿಗೆ. ಎದೆ ಮೇಲೆ ಯಾರೋ ಕೂತ ಹಾಗೆ ಭಾರ ಉಂಟು, ಎಡಗೈಗೆ ಇಳೀತಾ ಉಂಟು, ಹೆದರಿಕೆ ಆಗ್ತಾ ಉಂಟು" ಎಂದರು.

ಕಾಶವ್ವ ಉಸಿರು ಬಿಟ್ಟಳು. ಆ ವಾರವೆಲ್ಲ ಒಳಗೇ ಹಿಡಿದಿಟ್ಟ ಉಸಿರು ಅದು. ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಗೆ ಹೋಯಿತು.

ಆಂಬುಲೆನ್ಸ್ ಅವಳನ್ನು ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೊರಟಾಗ ಸಿದ್ರಾಮಣ್ಣ ಒದ್ದೆ ಕೈಯಲ್ಲೇ ಓಡಿ ಬಂದ. ಗೋಲಿಗಳ ಬಗ್ಗೆ ಮಾತಾಡುತ್ತಿದ್ದ. ಈಗಿನ ಗೋಲಿ ಮೊದಲಿನಂತೆ ಗುಂಡಗಿಲ್ಲ, ಬಾಟಲಿಗೆ ಸರಿಯಾಗಿ ಕೂರುವುದಿಲ್ಲ ಎಂದು ಅಳುತ್ತ ಅಳುತ್ತ ಹೇಳುತ್ತಿದ್ದ. ಅವನ ಪರವಾಗಿ ಹೇಳುವವಳು ಗಾಡಿಯೊಳಗೆ ಮಲಗಿದ್ದಳು. ನಾನು ಅವನ ಹೆಗಲು ಹಿಡಿದು, "ಇವರಿಗೆ ಪಶ್ಚಾತ್ತಾಪ ಆಗೈತ್ರಿ, ಹೆಂಡತಿ ಜೋಡಿ ಹೋಗಬೇಕಂತಾರ" ಎಂದೆ. ಇದೊಂದು ಸುಲಭವಿತ್ತು. ಕಾಶವ್ವ ಉಳಿದುಕೊಂಡಳು. ತಿಂಗಳು ಕಳೆದು ಅಂಗಡಿ ತೆರೆದಾಗ ನಡುವಿನ ಬೆಂಚು ಇರಲಿಲ್ಲ, ಗಿರ್ಮಿಟ್ಟಿಗೆ ಉಪ್ಪು ಕಡಿಮೆಯೇ ಆಗಿತ್ತು. ಯಾರೂ ಆ ಮಾತು ಎತ್ತಲಿಲ್ಲ.

ಆದರೆ ನನಗೆ ಆ ಉಸಿರು ಮರೆಯಲಾಗಲಿಲ್ಲ. ನಾನು ಎಲ್ಲ ನೋಡಿದ್ದೆ, ಆದರೂ ಹೇಳಲಾಗಲಿಲ್ಲ. ಕಾಶವ್ವನನ್ನು ಒಮ್ಮೆಯೂ ನೆಟ್ಟಗೆ ಮಾತಾಡಿಸಿರದ, ಗಿರ್ಮಿಟ್ಟು ಅಂದರೇನೆಂದೇ ಗೊತ್ತಿರದ ಡಾಕ್ಟರಮ್ಮ ಹೇಳಿಬಿಟ್ಟರು. ಹಾಗಾದರೆ ಅದನ್ನು ಕಲಿಯಬಹುದು. ಕಲಿತರೆ ಅವ್ವನ ಪರವಾಗಿ ಮಾತ್ರವಲ್ಲ, ಹೇಳುವವರೇ ಇಲ್ಲದವರ ಪರವಾಗಿಯೂ ಹೇಳಬಹುದು. ಇದು ತಲೆಗೆ ಹೊಕ್ಕ ಮೇಲೆ ಕಾಲೇಜಿನ ಪಾಠ ಕಿವಿಗೆ ಬೀಳಲಿಲ್ಲ. ದಿನಾ ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಹೋಗಿ ಕೂರತೊಡಗಿದೆ.

"ನೀನು ಮೆಡಿಕಲ್ ಓದು ಮಾರಾಯ್ತಿ" ಎಂದರು ಡಾಕ್ಟರಮ್ಮ ಒಂದು ದಿನ, ಕೈ ತೊಳೆಯುತ್ತ.

"ಈಗೇನ್ರಿ? ತಡಾ ಆತಲ್ರೀ."

"ತಡ ಆದ್ರೆ ಎಂಥ? ಪ್ರವೇಶ ಪರೀಕ್ಷೆ ಪ್ರತಿ ವರ್ಷ ಉಂಟು."

ನಗುತ್ತ ಮನೆಗೆ ಬಂದೆ. ನಗು ಮನೆಯ ಮೆಟ್ಟಿಲಲ್ಲೇ ನಿಂತಿತು. ನನ್ನ ಜೊತೆ ಪಿಯುಸಿ ಓದಿದವರಲ್ಲಿ ಡಾಕ್ಟರಾಗಬೇಕೆಂದವರು ಆಗಲೇ ಹೋಗಿ ಬಿಳಿ ಕೋಟು ಹಾಕಿಕೊಂಡಿದ್ದರು. ನಾನು ಹೋದರೆ ತಂಗಿಯ ವಯಸ್ಸಿನವರ ಪಕ್ಕ ಕೂತು ಮೊದಲಿನಿಂದ ಓದಬೇಕು, ಅದೂ ವರ್ಷಗಟ್ಟಲೆ. ಅಪ್ಪ ಶಾಲೆಯವರಿಗೆ ಮಾತು ಕೊಟ್ಟಾಗಿದೆ. ಇದೆಲ್ಲಕ್ಕಿಂತ ಹೆಚ್ಚಾಗಿ, ನಾನು ಹೋದರೆ ಅವ್ವನ ಪರವಾಗಿ ಹೇಳುವವರು ಯಾರು? ಮಲೇರಿಯಾಕ್ಕೆ ಶಾಲು ಕೊಡಿಸುವ ಅಪ್ಪನೇ? ಆದರೂ ಕೇಳಿ ನೋಡೋಣ, ಕೇಳುವುದಕ್ಕೇನು, ಎಂದುಕೊಂಡು ಊಟಕ್ಕೆ ಕೂತಾಗ ಬಾಯಿ ತೆರೆದೆ.

"ಅಪ್ಪಾ, ನಳಾ ಬಂತೇನು?" ಎಂದೆ.

ಅಪ್ಪ ರೊಟ್ಟಿ ಮುರಿಯುತ್ತ, "ಮುಂಜಾನೆ ಬಂದು ಹೋತಲ್ಲ" ಎಂದ.

ಮತ್ತೆ ಪ್ರಯತ್ನಿಸಿದೆ. "ನಾ ಏನ್ ಹೇಳಾಕತ್ತಿದ್ದೆ ಅಂದ್ರ, ನಾಳೆ ನಳಾ ಜಲ್ದಿ ಬರತೈತೇನು?" ಅಲ್ಲಿಯವರೆಗೂ ನಾನು ಅದನ್ನೊಂದು ಆಸೆ ಅಂದುಕೊಂಡಿದ್ದೆ, ಬಿಟ್ಟರೂ ನಡೆದೀತು ಎನ್ನುವಂಥದ್ದು. ಆಸೆಯನ್ನು ನಮ್ಮೂರಿನವರು ಯಾರು ಬೇಕಾದರೂ ಹೇಳಿಕೊಳ್ಳಬಹುದು. ಹೊಸ ಸೀರೆ ಬೇಕು, ಪೇಡೆ ಬೇಕು ಎಂದು ದಿನವಿಡೀ ಹೇಳುತ್ತಾರೆ. ನನ್ನ ಬಾಯಿಗೆ ನಳ ಬಂತೆಂದರೆ ಇದು ನೋಯುತ್ತಿದೆ ಎಂದೇ ಅರ್ಥ. ತಟ್ಟೆ ನೋಡುತ್ತ ಕೂತೆ. ಹೇಳಲು ಅಜ್ಜಿಯೂ ಇರಲಿಲ್ಲ.

ಹೀಗೆ ಚಳಿಗಾಲ ಕಳೆಯಿತು. ದಿನಕ್ಕೊಂದು ಸಲ ಬಾಯಿ ತೆರೆಯುವುದು, ನಳದ ಸುದ್ದಿ ಕೇಳುವುದು. "ಈ ಹುಡುಗಿಗೆ ನೀರಿನ ಚಿಂತಿ ಭಾಳ ಆಗೈತಿ" ಎಂದು ಅಪ್ಪ ಒಂದು ದೊಡ್ಡ ಡ್ರಮ್ಮು ತಂದು ಹಿತ್ತಲಲ್ಲಿ ಇಟ್ಟ. ಹೊಸ ನೀಲಿ ಡ್ರಮ್ಮು. ಅವನ ಪ್ರೀತಿ ಅಂಥದ್ದು, ಏನು ಮಾಡುವುದು. ಅದನ್ನು ನೋಡಿ ನನಗೆ ಅಳು ಬಂತು, ಅಳುತ್ತಲೇ ಅದಕ್ಕೆ ನೀರು ತುಂಬಿಸಿದೆ.

ಪ್ರವೇಶ ಪರೀಕ್ಷೆಗೆ ಹೆಸರು ಕೊಡಲು ಇನ್ನು ಕೆಲವೇ ದಿನ ಉಳಿದಿದ್ದಾಗ, ಒಂದು ಭಾನುವಾರ ಬೆಳಿಗ್ಗೆ, ಶಾಲೆಯವರು ಸೋಮವಾರ ಬಂದು ಭೇಟಿಯಾಗು ಎಂದಿದ್ದಾರೆಂದು ಅಪ್ಪ ಹೇಳಿದ. ನಾನು ಬಾಯಿ ತೆರೆದೆ. ಹಿತ್ತಲಲ್ಲಿ ನಳ ಜೋರಾಗಿ ಸುರಿಯುತ್ತಿತ್ತು, ಮನೆಯೆಲ್ಲ ಅದರದೇ ಸದ್ದು. ನಾನು, "ನಳಾ ಬಂತೇನು?" ಎಂದೆ.

ಅವ್ವ ಒಲೆ ಆರಿಸಿ ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು. ನನ್ನನ್ನು ಕುರ್ಚಿಗೆ ಕೂರಿಸಿ ಹಿಂದೆ ಹೋಗಿ ನಿಂತಳು. ಅವಳ ಕೈ ನನ್ನ ಹೆಗಲ ಮೇಲೆ ಬಂದಾಗ ನನಗೆ ವಿಚಿತ್ರವೆನ್ನಿಸಿತು, ಇಷ್ಟು ವರ್ಷ ನಾವಿಬ್ಬರೂ ಅದಲುಬದಲಾಗಿಯೇ ನಿಂತಿದ್ದೆವು.

"ಶಿವಲೀಲಾನ ಪರವಾಗಿ ಹೇಳ್ತೀನ್ರಿ" ಎಂದಳು ಅಪ್ಪನಿಗೆ. ಯಾರೋ ಹೊರಗಿನವರಿಗೆ ಹೇಳುವಂತೆ ಹೇಳಿದಳು. "ಕಾಶವ್ವನ್ನ ಕರಕೊಂಡು ಹೋಗಿ ಬಂದ ದಿನದಿಂದ ಈಕಿಗೆ ನೋವು ಐತಿ. ರೊಟ್ಟಿ ಮುರೀತಾಳ, ತಿನ್ನಂಗಿಲ್ಲ. ಡಾಕ್ಟರಮ್ಮನ ಸುದ್ದಿ ಬಂದ್ರ ಮುಖ ಅರಳತೈತಿ, ಸಾಲಿ ಸುದ್ದಿ ಬಂದ್ರ ನಳದ ಮಾತು. ಈಕಿಗೆ ಡಾಕ್ಟರ್ ಆಗಬೇಕಂತ ಐತಿ. ಹೋದ್ರ ಅವ್ವನ ಗತಿ ಏನಂತ ಒಳಗಽ ಸುಡಾಕತ್ತಾಳ. ಎರಡೂ ಕೂಡೇ ನೋಯಾಕತ್ತಾವ."

ನನ್ನ ಉಸಿರು ಹೊರಬಿತ್ತು. ನಾನು ಬಿಡಲಿಲ್ಲ, ತಾನೇ ಬಿತ್ತು. ಹೆಗಲು ಇಳಿದು ಅವ್ವನ ಕೈಗೆ ಅಂಟಿಕೊಂಡಿತು. ಬಿಕ್ಕಿ ಬಿಕ್ಕಿ ಅತ್ತೆ.

"ಪಿಯುಸಿ ಆದಾಗಽ ಹೇಳಬೇಕಿತ್ತಲ್ಲ" ಎಂದ ಅಪ್ಪ.

"ಆಗ ಇದ್ದಿಲ್ಲ, ಈಗ ಬಂದೈತಿ. ನೋವು ಮುಹೂರ್ತ ನೋಡಿ ಬರತೈತೇನು?"

"ಅಲ್ಲಽ, ಈಕಿ ಹೋದ್ರ ನಿನ್ನ ಪರವಾಗಿ ಹೇಳವ್ರು ಯಾರು?"

ಅವ್ವ ಬಾಯಿ ತೆರೆದಳು. "ಆ ಪಾತ್ರಿಯಾಕಿ..." ಎಂದಳು. "ಆ ಪಾತ್ರಿಯಾಕಿ ಈ ಸಲ ಬರಲೇ ಇಲ್ಲ ನೋಡ್ರಿ."

ನಾನು ಎದ್ದು ಅವಳ ಹಿಂದೆ ಹೋಗಲು ನೋಡಿದೆ. ಅಪ್ಪ ಕೈಸನ್ನೆಯಿಂದ ನನ್ನನ್ನು ಕೂರಿಸಿದ. ಅವನು ಅವ್ವನ ಮುಖ ನೋಡುತ್ತಿದ್ದ. ಬಾಗಿದ ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ, ಒಂದು ಕಣ್ಣು ಮುಚ್ಚಿ, ನಿಧಾನವಾಗಿ ತಿರುಗಿಸಿ ನೋಡುತ್ತಾನಲ್ಲ, ಹಾಗೆ ನೋಡುತ್ತಿದ್ದ. ನೋಡಿದ, ನೋಡಿದ. ಏನು ಕಂಡಿತೋ, ಹೇಳಲು ಆಗಲಿಲ್ಲ. "ನಾ ಕಲೀತೀನಿ" ಎಂದಷ್ಟೇ ಹೇಳಿ ಎದ್ದು ಶಾಲೆಯವರಿಗೆ ಕೊಟ್ಟ ಮಾತು ವಾಪಸು ತೆಗೆದುಕೊಂಡು ಬರಲು ಚಪ್ಪಲಿ ಮೆಟ್ಟಿಕೊಂಡ.

ಕಲಿತದ್ದನ್ನು ಏನು ಹೇಳಲಿ! ನಾನು ಒಳಗೆ ಪ್ರವೇಶ ಪರೀಕ್ಷೆಗೆ ಓದುತ್ತಿದ್ದರೆ ಅವನು ಹೊರಗೆ ಅವ್ವನನ್ನು ಓದುತ್ತಿದ್ದ. ನಮ್ಮಿಬ್ಬರಲ್ಲಿ ದಡ್ಡ ವಿದ್ಯಾರ್ಥಿ ಅವನೇ. ಅವ್ವ ಕುಂಟುತ್ತ ಬಂದರೆ ಓಡಿ ಹೋಗಿ ಹೆಗಲು ಹಿಡಿದು "ಮೊಣಕಾಲು!" ಎನ್ನುವನು, ನೋಡಿದರೆ ಚಪ್ಪಲಿಯ ಉಂಗುಟದ ಪಟ್ಟಿ ಕಿತ್ತಿರುತ್ತಿತ್ತು. ಉಳ್ಳಾಗಡ್ಡಿ ಹೆಚ್ಚಿ ಕಣ್ಣೀರು ಬಂದರೆ "ತವರುಮನಿ ನೆನಪು" ಎನ್ನುವನು. "ನನ್ನ ನೋಡಿ ನೋಡಿ ನಿಮ್ಮಪ್ಪ ಅಡಗಿ ಮಾಡಾಕ ಬಿಡವಲ್ಲ" ಎಂದು ಅವ್ವ ನಗುತ್ತಿದ್ದಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಹೆಗಲು ಮಾತ್ರ ಒಮ್ಮೆಯೂ ಇಳಿಯಲಿಲ್ಲ. ಮೊದಲ ಸಲ ನಾನು ಫೇಲಾದೆ. ಅಪ್ಪನೂ. ಇಬ್ಬರೂ ಮತ್ತೆ ಕೂತೆವು. ಮುಂದಿನ ವರ್ಷ ನನಗೆ ದೂರದ ಊರಿನಲ್ಲಿ ಸೀಟು ಸಿಕ್ಕಿತು, ಅಪ್ಪನ ಫಲಿತಾಂಶ ಮಾತ್ರ ಇನ್ನೂ ಬಂದಿರಲಿಲ್ಲ.

ಹೊರಡುವ ಹಿಂದಿನ ದಿನ ಡಾಕ್ಟರಮ್ಮನಿಗೆ ಹೇಳಿ ಬರಲು ಹೋದೆ. ಅವರು ಒಂದು ಸ್ಟೆತೊಸ್ಕೋಪ್ ಕೈಗಿಟ್ಟು, ಬೇರೆಲ್ಲೋ ನೋಡುತ್ತ, ತಮ್ಮ ತಾಯಿಯ ಮನೆಯ ಬಸಳೆ ಚಪ್ಪರದ ಬಗ್ಗೆ ಮಾತಾಡತೊಡಗಿದರು. ಎಂಥ ದಪ್ಪ ಎಲೆ, ಎಷ್ಟು ಮೃದು ದಂಟು. ಮಾತು ನಿಲ್ಲಲೇ ಇಲ್ಲ. ಅವರೂ ನಮ್ಮೂರಿನವರಾಗಿದ್ದಾರೆಂದು ನನಗೆ ಆಗ ಗೊತ್ತಾಯಿತು. ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ, "ನಿಮಗ ನನ್ನ ನೆನಪು ಭಾಳ ಆಗ್ತೈತ್ರಿ" ಎಂದೆ. ಅವರು ಉಸಿರು ಬಿಟ್ಟು, "ಹೋಗು, ಹೋಗು, ಬಸ್ಸು ತಪ್ಪೀತು" ಎಂದರು. ಬಸ್ಸು ಮಾರನೇ ದಿನವಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಅಪ್ಪ ನನ್ನ ಟ್ರಂಕನ್ನು ಮೇಲೆ ಹಾಕಿಸಿ ಇಳಿದ. ಅವ್ವ ಕಿಟಕಿಯ ಕೆಳಗೆ ನಿಂತಿದ್ದಳು. ರೊಟ್ಟಿಯ ಗಂಟು ಒಳಗೆ ಕೊಟ್ಟಳು, ಚಟ್ನಿಪುಡಿಯ ಡಬ್ಬಿ ಕೊಟ್ಟಳು. ಆಮೇಲೆ ಕೊಡಲು ಏನೂ ಉಳಿಯಲಿಲ್ಲ. "ಪಾತ್ರಿಯಾಕಿ ಬಂದ್ರ" ಎಂದಳು, "ಈ ಸಲ ಒಂದು ದೊಡ್ಡ ಬೋಗುಣಿ ತಗೋತೀನಿ. ಮುಚ್ಚಳ ಇದ್ದದ್ದು. ಸಣ್ಣದು ಸಾಕಾಗಂಗಿಲ್ಲ..."

ನಾನು ಕಿಟಕಿಯಿಂದ ಕೈ ಚಾಚಿದೆ. ಅವಳ ಹೆಗಲು ಸಿಗಲಿಲ್ಲ. ಅಷ್ಟರಲ್ಲಿ ಅಪ್ಪ ಅವಳ ಹಿಂದೆ ಬಂದು ನಿಂತ. ಗ್ರೀಸ್ ಹೋಗದ ಆ ಬೆರಳುಗಳನ್ನು ಅವಳ ಹೆಗಲ ಮೇಲಿಟ್ಟ. ಈ ಸಲ ಅವಸರ ಮಾಡಲಿಲ್ಲ.

"ನಿಮ್ಮವ್ವನ ಪರವಾಗಿ ಹೇಳ್ತೀನಿ, ಲೀಲಾ" ಎಂದ. "ನೀ ಹೊಂಟೀದಿ ಅಂತ ಅಕಿಗೆ ಹೊಟ್ಟ್ಯಾಗ ಸಂಕಟ ಆಗಾಕತ್ತೈತಿ. ಮನ್ಯಾಗ ಯಾರ ದನಿ ಕೇಳಲಿ ಅಂತಾಳ. ಆದ್ರೂ ನೀ ಇಳದು ಬರೂದು ಅಕಿಗೆ ಬ್ಯಾಡ. ಇಳದ್ರ ಇನ್ನೂ ನೋಯತೈತಿ."

ಅವ್ವ ಉದ್ದಕ್ಕೆ ಉಸಿರು ಬಿಟ್ಟಳು. ಕಿಟಕಿಯವರೆಗೂ ಕೇಳಿಸಿತು. ಅವಳ ಹೆಗಲು ಇಳಿದದ್ದು ಕೈಗೆ ತಿಳಿಯುತ್ತಲೇ ಅಪ್ಪ ಬೆಚ್ಚಿಬಿದ್ದು ನನ್ನ ಕಡೆ ನೋಡಿದ, ಸರಿಯಾಯಿತೇ ಎನ್ನುವಂತೆ. ನಾನು ತಲೆಯಾಡಿಸಿದೆ. ಡ್ರೈವರ್ ಬಸ್ಸು ಚಾಲು ಮಾಡಿದ. ಅಪ್ಪ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡುತ್ತ ಕೂಗಿ ಹೇಳಿದ, "ಲೀಲಾ, ಪ್ಯಾಟಿ ಗಡಿಯಾರ ಹಿಂದ ಬಿದ್ದೈತಿ ನೋಡವ್ವಾ, ಭಾಳ ಹಿಂದ ಬಿದ್ದೈತಿ!"

ಅವ್ವ ಅವನ ಹೆಗಲ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದಳು. ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ.